ಮುಂದಿನ ವರ್ಷ ಲೋಕದಲ್ಲಿ ಏನಾಗಬಹುದು? ಚಿಕ್ಕಮಗಳೂರಿನಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಡಿಸೆಂಬರ್‌ನಲ್ಲಿ ನಮ್ಮ ಸಣ್ಣ ಬಳಗ ಸೇರಿ, ಮುಂದಿನ ವರ್ಷದ ರಾಜಕೀಯ ಮತ್ತು ಆರ್ಥಿಕ ಘಟನೆಗಳ ಬಗ್ಗೆ ಊಹೆ ಬರೆದಿಡುತ್ತದೆ. ಬಳಗದಲ್ಲಿ ತೋಟದವರಿದ್ದಾರೆ, ಮೇಷ್ಟ್ರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ. ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಹೊಸಬರು ಕೇಳುವುದು

ನೀವೇನು ಜ್ಯೋತಿಷ್ಯ ಹೇಳ್ತೀರಾ?

ಇಲ್ಲ. ಹಿಂದೆ ಏನಾಗಿದೆ, ಈಗ ಏನು ನಡೆಯುತ್ತಿದೆ ಅಂತ ನೋಡಿ, ಒಂದು ಘಟನೆ ಆಗುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಬರೆಯುತ್ತೇವೆ. ವರ್ಷ ಮುಗಿದ ಮೇಲೆ ಪುಸ್ತಕ ತೆಗೆದು ಲೆಕ್ಕ ಹಾಕುತ್ತೇವೆ. ಅಷ್ಟೇ.

ಮಲೆನಾಡಲ್ಲಿ ಕೂತ್ಕೊಂಡು ಅಮೆರಿಕ, ಬ್ರೆಜಿಲ್ ಸುದ್ದಿ ನಮಗ್ಯಾಕೆ ಸಾರ್?

ನಮ್ಮ ದುಡ್ಡು ಅಲ್ಲಿಂದಲೇ ಬರುತ್ತದೆ, ಅದಕ್ಕೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ಬೆಳೆದದ್ದರಲ್ಲಿ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಇಲ್ಲದಷ್ಟು ಹೊರದೇಶಕ್ಕೆ ಹೋಗುತ್ತದೆ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾ ಬೆಲೆ ತೀರ್ಮಾನ ಆಗುವುದು ನ್ಯೂಯಾರ್ಕ್‌ನಲ್ಲಿ, ರೋಬಸ್ಟಾ ಬೆಲೆ ಲಂಡನ್‌ನಲ್ಲಿ.

ಮೂಡಿಗೆರೆಯ ಒಂದು ಕಣವನ್ನು ನೆನೆಸಿಕೊಳ್ಳಿ. ಜನವರಿ, ಚೆರ್ರಿ ಒಣಗುತ್ತಿದೆ, ಸಂಜೆಯಾದರೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ವ್ಯಾಪಾರಿ ಬಂದು ಒಂದು ಹಿಡಿ ತೆಗೆದು ಉಜ್ಜುತ್ತಾನೆ, ಔಟ್‌ಟರ್ನ್ (ಒಣಗಿದ ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಬರಬಹುದು ಅಂತ ಅಂದಾಜು ಮಾಡುತ್ತಾನೆ, ಆಮೇಲೆ ಫೋನ್ ತೆಗೆದು ಲಂಡನ್ ಟರ್ಮಿನಲ್, ಅಂದರೆ ಅಲ್ಲಿನ ಪೇಟೆ ಬೆಲೆ, ನೋಡುತ್ತಾನೆ. ಈಗಲೇ ಕೊಡಬೇಕಾ, ಮಾರ್ಚ್‌ವರೆಗೆ ಇಡಬೇಕಾ? ಈ ಪ್ರಶ್ನೆಯೊಳಗೆ ವಿಯೆಟ್ನಾಂ ಮಳೆ, ಬ್ರೆಜಿಲ್ ಚಳಿ, ಅಮೆರಿಕದ ಸುಂಕ, ಡಾಲರ್ ಬೆಲೆ ಎಲ್ಲ ಕೂತಿವೆ.

2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. 10ರಿಂದ 14 ದಿನ ಜಾಸ್ತಿ, ಬಾಡಿಗೆಯೂ ಜಾಸ್ತಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಕಾಫಿಗೆ ಶೇಕಡಾ 50 ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಗೊಬ್ಬರವೂ ಹಾಗೇ. ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಆಮದು. ರಷ್ಯಾ, ಬೆಲಾರೂಸ್, ಕೆನಡಾ ಅದರ ದೊಡ್ಡ ಮೂಲಗಳು. ಲೋಕದ ಸುದ್ದಿ ನಮಗೆ ದೂರದ್ದಲ್ಲ.

ಯುಗಾದಿ ಪಂಚಾಂಗ, ಬೀರೂರು ಕಾರ್ಣಿಕ, ಕೋಡಿಮಠದ ಭವಿಷ್ಯ ಇದೆಯಲ್ಲ, ಅವೆಲ್ಲ ಸುಳ್ಳು ಅಂತೀರಾ?

ಹಾಗೆ ಹೇಳುವುದು ನಮ್ಮ ಕೆಲಸ ಅಲ್ಲ. ಯುಗಾದಿ ದಿನ ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ ಅಂತ ಕೇಳುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ವಿಜಯದಶಮಿ ಹೊತ್ತಿಗೆ ಬೀರೂರಿನಲ್ಲಿ ಮೈಲಾರಲಿಂಗನ ಕಾರ್ಣಿಕ ಕೇಳಲು ಜನ ಭಕ್ತಿಯಿಂದ ಸೇರುತ್ತಾರೆ. ಅರಸೀಕೆರೆ ತಾಲೂಕಿನ ಹಾರನಹಳ್ಳಿ ಕೋಡಿಮಠದ ಮಾತಿಗೆ ಹಾಸನದಲ್ಲೂ ಹೊರಗೂ ಗೌರವ ಇದೆ.

ನಾವು ಮಾಡುವುದು ಬೇರೆ ಕೆಲಸ. ಕಾರ್ಣಿಕದ ನುಡಿ ಒಂದು ಸಾಲಿನದು. ಅದನ್ನು ಒಬ್ಬರು ಮಳೆಗೆ ಹೊಂದಿಸುತ್ತಾರೆ, ಇನ್ನೊಬ್ಬರು ಸರ್ಕಾರಕ್ಕೆ ಹೊಂದಿಸುತ್ತಾರೆ. ನಂಬಿಕೆಗೆ ಅದು ಸಾಕು. ಗೊಬ್ಬರ ಯಾವಾಗ ತರಬೇಕು, ಸಾಲ ಎಷ್ಟು ತೆಗೆಯಬೇಕು ಅನ್ನುವ ತೀರ್ಮಾನಕ್ಕೆ, ತಪ್ಪಾದರೆ ತಪ್ಪಾಯಿತು ಅಂತ ಗೊತ್ತಾಗುವಂಥ ಊಹೆ ಬೇಕು. ನಾವು ಬರೆಯುವುದು ಅಂಥದ್ದನ್ನು.

ಸರಿ, ಒಂದು ಊಹೆ ಹೇಗೆ ಬರೀಬೇಕು?

ಮೂರು ವಿಷಯ ಸ್ಪಷ್ಟ ಇರಬೇಕು: ಏನಾಗಬೇಕು, ಯಾವ ದಿನದೊಳಗೆ, ಆಯಿತು ಅಂತ ತೀರ್ಮಾನ ಮಾಡುವುದು ಯಾವ ದಾಖಲೆ ನೋಡಿ. "ಆರ್ಥಿಕ ಪರಿಸ್ಥಿತಿ ಹದಗೆಡುತ್ತದೆ" ಅಂದರೆ ಡಿಸೆಂಬರ್‌ನಲ್ಲಿ ಇಬ್ಬರು ಜಗಳ ಆಡಬಹುದು, ಇಬ್ಬರೂ ಗೆಲ್ಲಬಹುದು. "ಡಿಸೆಂಬರ್ 31ರಂದು ರಿಸರ್ವ್ ಬ್ಯಾಂಕ್ ರೆಪೊ ದರ, ಜನವರಿ 1ರಂದು ಇದ್ದದ್ದಕ್ಕಿಂತ ಕಡಿಮೆ ಇರುತ್ತದೆ" ಅಂದರೆ ಜಗಳಕ್ಕೆ ಜಾಗ ಇಲ್ಲ. (ರೆಪೊ ದರ ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ.)

ಇಲ್ಲಿ ಜನ ಅವಸರ ಮಾಡುತ್ತಾರೆ. ಭಾರತದ 2023-24ರ ಬೆಳವಣಿಗೆ ದರವನ್ನೇ ನೋಡಿ. 2024ರ ಜನವರಿಯ ಮೊದಲ ಅಂದಾಜು ಶೇಕಡಾ 7.3. ಮೇ ತಿಂಗಳಲ್ಲಿ ಅದು 8.2 ಆಯಿತು. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದಾಗ 9.2. "ಶೇಕಡಾ 8 ದಾಟುತ್ತದೆ" ಅಂತ ಬರೆದವರು ಗೆದ್ದರಾ, ಸೋತರಾ? ಯಾವ ತಿಂಗಳ ಅಂಕಿ ಅಂತ ಮೊದಲೇ ಬರೆದಿದ್ದರೆ ಮಾತ್ರ ಉತ್ತರ ಇದೆ. ಕದನ ವಿರಾಮದ ಪ್ರಶ್ನೆಯಲ್ಲೂ ಅಷ್ಟೇ. ಬರೀ ಘೋಷಣೆ ಸಾಕಾ, ಎರಡೂ ಕಡೆಯವರು ಒಪ್ಪಬೇಕಾ, ಮೂವತ್ತು ದಿನ ನಿಲ್ಲಬೇಕಾ?

ಶೇಕಡಾ 70 ಅಂದ್ರೆ ಏನರ್ಥ? ಆಗತ್ತೋ ಇಲ್ವೋ ಅಂತ ನೇರವಾಗಿ ಹೇಳಬಾರದಾ?

ಶೇಕಡಾ 70 ಅಂತ ನೀವು ಬರೆದ ಹತ್ತು ಊಹೆಗಳಲ್ಲಿ ಹತ್ತಿರ ಹತ್ತಿರ ಏಳು ನಿಜವಾಗಬೇಕು. ಹತ್ತಕ್ಕೆ ಹತ್ತೂ ಆದರೆ ನೀವು ಹೆದರಿ ಕಡಿಮೆ ಹಾಕುತ್ತಿದ್ದೀರಿ. ನಾಲ್ಕೇ ಆದರೆ ಜಾಸ್ತಿ ಹಾಕುತ್ತಿದ್ದೀರಿ. ಇದು ನಮಗೆ ಹೊಸದೇನಲ್ಲ. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಕೊಡುವಾಗ ವಾಡಿಕೆ ಮಳೆಗೆ ಎಷ್ಟು ಸಾಧ್ಯತೆ, ಕೊರತೆಗೆ ಎಷ್ಟು ಸಾಧ್ಯತೆ ಅಂತ ಬೇರೆ ಬೇರೆ ಅಂಕಿ ಕೊಡುತ್ತದೆ. ಪೇಪರಿನ ತಲೆಬರಹದಲ್ಲಿ ಅದು "ಈ ಸಲ ಒಳ್ಳೆ ಮಳೆ" ಅಂತ ಆಗಿಬಿಡುತ್ತದೆ. ಅಂಕಿಯನ್ನೇ ನೋಡುವ ಅಭ್ಯಾಸ ಮಾಡಿಕೊಳ್ಳಿ.

## ಒಂದೆರಡು ಸಲ ಬರೆದವರು ಕೇಳುವುದು

ಮೊದಲನೇ ನಂಬರ್ ಎಲ್ಲಿಂದ ತರೋದು? ಸುಮ್ನೆ ಮನಸ್ಸಿಗೆ ಬಂದದ್ದು ಬರೆಯೋದಾ?

ಬೇಡ. ಇಂಥ ಘಟನೆ ಹಿಂದೆ ಎಷ್ಟು ಸಲ ಆಗಿದೆ ಅಂತ ಎಣಿಸಿ. ಅದೇ ಮೊದಲ ನಂಬರ್. ಇವತ್ತಿನ ಸುದ್ದಿ ಆಮೇಲೆ.

ನಮ್ಮ ರಾಜ್ಯದಿಂದಲೇ ಒಂದು ಉದಾಹರಣೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಅಧಿಕಾರದಲ್ಲಿದ್ದೇ ಚುನಾವಣೆಗೆ ಹೋಗಿ ಬಹುಮತ ಪಡೆಯಿತು. ಆಮೇಲೆ 1989, 1994, 1999, 2004, 2008, 2013, 2018, 2023, ಹೀಗೆ ಎಂಟು ಚುನಾವಣೆ ಆಗಿವೆ. ಆಳುತ್ತಿದ್ದ ಪಕ್ಷ ಒಂದು ಸಲವೂ ಬಹುಮತದೊಂದಿಗೆ ಮರಳಿಲ್ಲ. ಹಾಗಂತ ಮುಂದಿನ ಸಲಕ್ಕೆ ಸೊನ್ನೆ ಹಾಕಬೇಕಾ? ಹಾಕಬಾರದು. ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಕೊಟ್ಟ ಹಳೇ ಸೂತ್ರ ಇದೆ: ಆದದ್ದಕ್ಕೆ ಒಂದು ಸೇರಿಸಿ, ಒಟ್ಟಿಗೆ ಎರಡು ಸೇರಿಸಿ, ಭಾಗಿಸಿ. ಇಲ್ಲಿ ಹತ್ತರಲ್ಲಿ ಒಂದು, ಅಂದರೆ ಶೇಕಡಾ 10. ಅಲ್ಲಿಂದ ಶುರು ಮಾಡಿ, ಆವತ್ತಿನ ಪರಿಸ್ಥಿತಿ ನೋಡಿ ಮೇಲೆ ಕೆಳಗೆ ಮಾಡಿ.

ಲೋಕದ ಚುನಾವಣೆಗಳಿಗೂ ಇದೇ ದಾರಿ. 2024ರಲ್ಲಿ ಬ್ರಿಟನ್, ಅಮೆರಿಕ, ಶ್ರೀಲಂಕಾದಲ್ಲಿ ಅಧಿಕಾರದಲ್ಲಿದ್ದವರು ಸೋತರು. ಜಪಾನಿನಲ್ಲಿ ಆಳುವ ಕೂಟ ಬಹುಮತ ಕಳೆದುಕೊಂಡಿತು. ಬೆಲೆ ಏರಿಕೆ ಕಂಡ ಜನ ಆಳುವವರ ಮೇಲೆ ಸಿಟ್ಟಾಗಿರುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡವರ ನಂಬರ್ ಆ ವರ್ಷ ಚೆನ್ನಾಗಿ ಬಂದಿರುತ್ತದೆ.

ಟಿವಿಯಲ್ಲಿ ಬರೋ ತಜ್ಞರಿಗೇ ಗೊತ್ತಾಗಲ್ಲ, ನಮಗೇನು ಗೊತ್ತಾಗತ್ತೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ಸುಮಾರು 20 ವರ್ಷ, 280ಕ್ಕೂ ಹೆಚ್ಚು ತಜ್ಞರ ರಾಜಕೀಯ, ಆರ್ಥಿಕ ಊಹೆಗಳನ್ನು ಬರೆಸಿಕೊಂಡು ಪರೀಕ್ಷೆ ಮಾಡಿದರು. "ಈಗಿರುವಂತೆಯೇ ಮುಂದುವರಿಯುತ್ತದೆ" ಅನ್ನುವ ಸರಳ ಸೂತ್ರಕ್ಕಿಂತ ತಜ್ಞರು ಒಟ್ಟಾರೆ ಮುಂದಿರಲಿಲ್ಲ. ಹೆಸರು ಜಾಸ್ತಿ ಇದ್ದವರ ಊಹೆ ಇನ್ನೂ ಕಳಪೆ.

ಆದರೆ ನನಗೆ ಮುಖ್ಯ ಅನಿಸುವುದು ಅದರ ಮುಂದಿನ ಭಾಗ. 2011ರಿಂದ 2015ರವರೆಗೆ ಅಮೆರಿಕದ ಗುಪ್ತಚರ ವಿಭಾಗದ ಸಂಶೋಧನಾ ಸಂಸ್ಥೆಯೊಂದು ಊಹೆಯ ಸ್ಪರ್ಧೆ ನಡೆಸಿತು. ಟೆಟ್ಲಾಕ್ ಅವರ ತಂಡದಲ್ಲಿ ಇದ್ದವರು ಸಾವಿರಾರು ಸ್ವಯಂಸೇವಕರು. ಅವರಲ್ಲಿ ಕೆಲವರು ವರ್ಷದಿಂದ ವರ್ಷಕ್ಕೆ ಚೆನ್ನಾಗಿಯೇ ಊಹಿಸಿದರು. ಗುಟ್ಟಿನ ಮಾಹಿತಿ ಅವರ ಹತ್ತಿರ ಇರಲಿಲ್ಲ. ಎಣಿಸಿ ಶುರು ಮಾಡುತ್ತಿದ್ದರು, ಬೇರೆಯವರ ಜೊತೆ ವಾದ ಮಾಡುತ್ತಿದ್ದರು, ಸುದ್ದಿ ಬಂದಾಗ ನಂಬರನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಿದ್ದರು. ಇದು ಕಲಿತರೆ ಬರುವ ವಿದ್ಯೆ. ಕಡೂರಿನ ಹೈಸ್ಕೂಲ್ ಮೇಷ್ಟ್ರಿಗೂ ಬರುತ್ತದೆ.

ಎಕ್ಸಿಟ್ ಪೋಲ್ ನಂಬಬಹುದಾ?

ಒಂದು ಸುಳಿವು ಅಂತ ಇಟ್ಟುಕೊಳ್ಳಿ. 2004ರಲ್ಲಿ ವಾಜಪೇಯಿ ಸರ್ಕಾರವೇ ಬರುತ್ತದೆ ಅಂದರು, ಬರಲಿಲ್ಲ. 2024ರ ಜೂನ್ 1ರಂದು ಬಹುತೇಕ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಕೊಟ್ಟವು, ಬಂದದ್ದು 293. ಹತ್ತು ಸಮೀಕ್ಷೆ ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಿತು ಅಂದುಕೊಳ್ಳಬೇಡಿ. ಎಲ್ಲರೂ ಒಂದೇ ರೀತಿ ಕೇಳಿದರೆ ಎಲ್ಲರೂ ಒಂದೇ ಕಡೆಗೆ ತಪ್ಪುತ್ತಾರೆ. ಆ ಸಲ ಷೇರುಪೇಟೆಯೂ ನಂಬಿ ಜೂನ್ 3ರಂದು ಏರಿತು, ಮಾರನೇ ದಿನ ಸುಮಾರು ಶೇಕಡಾ 6 ಬಿತ್ತು.

ಐಎಂಎಫ್‌ನವರು ಅಂಕಿ ಕೊಡ್ತಾರಲ್ಲ, ಅದನ್ನೇ ಬರೆದುಕೊಂಡ್ರೆ ಆಗಲ್ವಾ?

ಐಎಂಎಫ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ. ಅವರ ಅಂಕಿ ಮಾಮೂಲಿ ವರ್ಷಕ್ಕೆ ಆಗುತ್ತದೆ. ಏಪ್ರಿಲ್, ಅಕ್ಟೋಬರ್ ವರದಿಗಳನ್ನೂ ಜನವರಿ, ಜುಲೈ ಪರಿಷ್ಕರಣೆಯನ್ನೂ ನಾವೂ ನೋಡುತ್ತೇವೆ. ತಿರುವು ಬರುವ ವರ್ಷಕ್ಕೆ ಆಗುವುದಿಲ್ಲ. ಐಎಂಎಫ್‌ನಲ್ಲೇ ಇದ್ದ ಪ್ರಕಾಶ್ ಲೌಂಗಾನಿ 1990ರ ದಶಕದ 60 ಆರ್ಥಿಕ ಹಿಂಜರಿತಗಳನ್ನು ತೆಗೆದು ನೋಡಿದರು. ಒಂದು ವರ್ಷ ಮೊದಲೇ ಅರ್ಥಶಾಸ್ತ್ರಜ್ಞರು ಹೇಳಿದ್ದು ಎರಡನ್ನು ಮಾತ್ರ. ಆದ್ದರಿಂದ ಅವರ ಅಂಕಿಯನ್ನು ಮಧ್ಯದಲ್ಲಿಟ್ಟು, ಕೆಳಗಿನ ಕಡೆಗೆ ಜಾಸ್ತಿ ಜಾಗ ಬಿಡಿ.

ರೂಪಾಯಿಗೆ ಬೇರೆ ಲೆಕ್ಕ. 2017ರಂಥ ಕೆಲವು ವರ್ಷ ಬಿಟ್ಟರೆ ಡಾಲರ್ ಎದುರು ಅದು ನಿಧಾನಕ್ಕೆ ಇಳಿಯುತ್ತಲೇ ಬಂದಿದೆ. 2025ರ ಡಿಸೆಂಬರ್‌ನಲ್ಲಿ 90 ದಾಟಿತು. "ಈ ವರ್ಷ ರೂಪಾಯಿ ಬಲವಾಗುತ್ತದೆ" ಅಂತ ಬರೆಯುವವರು ಯಾಕೆ ಅಂತ ಗಟ್ಟಿ ಕಾರಣ ಕೊಡಬೇಕು.

ಅದೆಲ್ಲ ಇರಲಿ ಸಾರ್, ಮುಂದಿನ ವರ್ಷ ಕಾಫಿ ರೇಟ್ ಎಷ್ಟಾಗತ್ತೆ ಹೇಳಿ.

ಒಂದೇ ನಂಬರ್ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ನ್ಯೂಯಾರ್ಕ್‌ನಲ್ಲಿ ಅರೇಬಿಕಾ 2019ರಲ್ಲಿ ಒಂದು ಪೌಂಡಿಗೆ 1 ಡಾಲರ್‌ಗಿಂತ ಕೆಳಗಿತ್ತು. 2025ರ ಫೆಬ್ರವರಿಯಲ್ಲಿ 4 ಡಾಲರ್ ದಾಟಿತು. ಆರು ವರ್ಷದೊಳಗೆ ನಾಲ್ಕು ಪಟ್ಟು ಏರಿದ ಬೆಲೆಗೆ ಒಂದು ನಂಬರ್ ಹೇಳಿದರೆ ಅದು ಧೈರ್ಯದ ಮಾತು ಅಷ್ಟೇ, ಲೆಕ್ಕ ಅಲ್ಲ.

ನಾವು ಕೇಳುವುದು ಹೀಗೆ: ಮಾರ್ಚ್ ಕೊನೆಗೆ ಬೆಲೆ ಇವತ್ತಿಗಿಂತ ಶೇಕಡಾ 20 ಕೆಳಗೆ ಹೋಗುವ ಸಾಧ್ಯತೆ ಎಷ್ಟು, 20 ಮೇಲೆ ಹೋಗುವ ಸಾಧ್ಯತೆ ಎಷ್ಟು, ಮಧ್ಯದಲ್ಲಿ ಉಳಿಯುವುದು ಎಷ್ಟು? ಮೂರೂ ಸೇರಿ ನೂರು ಆಗಬೇಕು. ಆಮೇಲೆ ಕಾರಣಗಳಿಗೆ ಹೋಗುತ್ತೇವೆ. ಬ್ರೆಜಿಲ್ ಲೋಕದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುತ್ತದೆ. ಅಲ್ಲಿ ಹಿಮ ಬೀಳುವ ಭಯ ಜೂನ್‌ನಿಂದ ಆಗಸ್ಟ್‌ವರೆಗೆ. 1975ರಲ್ಲಿ ಬಿದ್ದ ಹಿಮ ಅಲ್ಲಿನ ಪರಾನಾ ರಾಜ್ಯದ ತೋಟಗಳನ್ನು ಸುಟ್ಟುಹಾಕಿತ್ತು, 2021ರ ಜುಲೈನಲ್ಲೂ ಬಿತ್ತು. ಕಾಫಿ ಗಿಡ ಹೂ ಬಿಡಲು ಬೇಕಾದ ನಮ್ಮ ಹೂಮಳೆ ಮಾರ್ಚ್, ಏಪ್ರಿಲ್‌ನಲ್ಲಿ. ಅದು ತಪ್ಪಿದರೆ ಲಂಡನ್ ಬೆಲೆಗೆ ಏನೂ ಆಗುವುದಿಲ್ಲ, ನಿಮ್ಮ ಮೂಟೆ ಮಾತ್ರ ಕಡಿಮೆಯಾಗುತ್ತದೆ. ಬೆಲೆಯ ಊಹೆ, ಫಸಲಿನ ಊಹೆ ಎರಡನ್ನೂ ಬೇರೆ ಬೇರೆ ಬರೆಯಿರಿ. ಮೂರು ಭಾಗದ ಲೆಕ್ಕ ಮಾಡಿದವರು ಪೂರ್ತಿ ಫಸಲನ್ನು ಒಂದೇ ದಿನ ಮಾರುವುದಿಲ್ಲ. ಸ್ವಲ್ಪ ಈಗ, ಸ್ವಲ್ಪ ಆಮೇಲೆ ಕೊಡುತ್ತಾರೆ. ಈ ಬಳಗದಿಂದ ತೋಟದವರಿಗೆ ಆದ ದೊಡ್ಡ ಉಪಯೋಗ ಇದೇ ಅಂತ ನನ್ನ ಅಭಿಪ್ರಾಯ.

ಸರ್ಕಾರ ಇಂಥ ದಿನದಿಂದ ಕಾನೂನು ಜಾರಿ ಅಂದ್ರೆ ಅದೂ ಊಹೆನಾ?

ಹೌದು. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಯುರೋಪಿನಲ್ಲಿ ಪ್ರವೇಶ ಇಲ್ಲ ಅನ್ನುವ ನಿಯಮ 2023ರಲ್ಲಿ ಬಂತು. ಜಾರಿಯ ದಿನ 2024ರ ಡಿಸೆಂಬರ್ ಅಂದರು. ಅದು 2025ಕ್ಕೆ ಹೋಯಿತು, ಆಮೇಲೆ 2026ಕ್ಕೆ ಹೋಯಿತು. ದೊಡ್ಡ ಕಾನೂನು, ದೊಡ್ಡ ಒಪ್ಪಂದ ಹೇಳಿದ ದಿನಕ್ಕೆ ಆಗುವುದು ಕಡಿಮೆ. ಆದರೂ ತೋಟದ ನಕ್ಷೆ, ದಾಖಲೆ ಸಿದ್ಧ ಇಟ್ಟುಕೊಳ್ಳಿ. ಮುಂದಕ್ಕೆ ಹೋಗಿದೆ ಅಂದರೆ ರದ್ದಾಗಿದೆ ಅಂತಲ್ಲ.

## ಪಳಗಿದವರು ಕೇಳುವುದು

ದೇವೇಗೌಡರು ಪ್ರಧಾನಿ ಆಗ್ತಾರೆ ಅಂತ 1996ರ ಜನವರಿಯಲ್ಲಿ ಯಾರಾದ್ರೂ ಹೇಳಬಹುದಿತ್ತಾ?

ಹಾಸನದವರು ಈ ಪ್ರಶ್ನೆ ಬಿಡುವುದೇ ಇಲ್ಲ. ಒಳ್ಳೆಯ ಪ್ರಶ್ನೆಯೂ ಹೌದು. ಒಂದೇ ಏಟಿಗೆ "ಹೌದು, ಇಲ್ಲ" ಅನ್ನಬೇಡಿ, ಬಿಡಿಸಿ ನೋಡಿ.

ಮೊದಲು, ಯಾರಿಗೂ ಬಹುಮತ ಬರದಿರುವ ಸಾಧ್ಯತೆ. 1989ರಲ್ಲಿ ಹಾಗಾಗಿತ್ತು, 1991ರಲ್ಲೂ ಚುನಾವಣೆಯಲ್ಲಿ ಯಾರಿಗೂ ಬಹುಮತ ಸಿಕ್ಕಿರಲಿಲ್ಲ. ಶೇಕಡಾ 60 ಅನ್ನೋಣ. ಹಾಗಾದರೆ ಕಾಂಗ್ರೆಸ್, ಬಿಜೆಪಿ ಎರಡೂ ಅಲ್ಲದವರು ಪ್ರಧಾನಿ ಆಗುವುದು? ಮೂರರಲ್ಲಿ ಒಂದು. ಅವರಲ್ಲಿ ಗೌಡರೇ ಆಗುವುದು? ವಿ.ಪಿ. ಸಿಂಗ್, ಜ್ಯೋತಿ ಬಸು ಅವರಂಥ ಹೆಸರುಗಳು ಮುಂದಿದ್ದವು, ಆದ್ದರಿಂದ ಎಂಟರಲ್ಲಿ ಒಂದು. ಮೂರನ್ನೂ ಗುಣಿಸಿದರೆ ಶೇಕಡಾ 2ರಿಂದ 3. ಚಿಕ್ಕ ನಂಬರ್, ಆದರೆ ಸೊನ್ನೆ ಅಲ್ಲ.

ಈಗ ಮೇ ತಿಂಗಳಿಗೆ ಬನ್ನಿ. ಫಲಿತಾಂಶ ಬಂತು, ಬಿಜೆಪಿ 161, ಕಾಂಗ್ರೆಸ್ 140. ಮೊದಲ ಮೆಟ್ಟಿಲು ನೂರಕ್ಕೆ ನೂರಾಯಿತು. ವಾಜಪೇಯಿಯವರಿಗೆ ಬೆಂಬಲ ಸಿಗಲಿಲ್ಲ. ಸಿಂಗ್ ಬೇಡ ಅಂದರು, ಬಸು ಅವರಿಗೆ ಅವರ ಪಕ್ಷವೇ ಬಿಡಲಿಲ್ಲ. ಒಂದೊಂದು ಸುದ್ದಿ ಬಂದಾಗಲೂ ನಂಬರ್ ಜಿಗಿಯಬೇಕಿತ್ತು. ಜೂನ್ 1ಕ್ಕೆ ಪ್ರಮಾಣವಚನ. ಜನವರಿಯಲ್ಲಿ ಹೆಸರು ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಮೆಟ್ಟಿಲುಗಳನ್ನು ಬರೆದಿಟ್ಟುಕೊಂಡಿದ್ದವರು ಮೇ ತಿಂಗಳಲ್ಲಿ ಬೇರೆಯವರಿಗಿಂತ ಮೊದಲೇ ಅಲ್ಲಿಗೆ ತಲುಪುತ್ತಿದ್ದರು.

ನಮ್ಮ ಚಿಕ್ಕಮಗಳೂರಿನದೂ ಒಂದಿದೆ. 1977ರಲ್ಲಿ ಸೋತ ಇಂದಿರಾ ಗಾಂಧಿ 1978ರ ನವೆಂಬರ್‌ನಲ್ಲಿ ಇಲ್ಲಿಂದ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆಯೇ ಅವರನ್ನು ಹೊರಹಾಕಿತು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಿ. ಉಪಚುನಾವಣೆ ಗೆದ್ದ ರಾತ್ರಿ "ಮುಗಿಯಿತು, ಇನ್ನು ಅವರದ್ದೇ" ಅಂದವರ ಲೆಕ್ಕವೂ, ಹೊರಹಾಕಿದ ದಿನ "ಮುಗಿಯಿತು, ಇನ್ನು ಏಳುವುದಿಲ್ಲ" ಅಂದವರ ಲೆಕ್ಕವೂ ಒಂದೇ ತಪ್ಪು ಮಾಡಿದ್ದವು: ಕೊನೆಯ ಸುದ್ದಿಯನ್ನು ಅತಿಯಾಗಿ ನಂಬಿದ್ದವು.

ಯುದ್ಧ, ದಂಗೆ ಇವನ್ನೆಲ್ಲ ಒಂದು ವರ್ಷ ಮೊದಲೇ ಹೇಳೋಕೆ ಆಗತ್ತಾ?

ಇಂಥ ದೇಶ, ಇಂಥ ತಿಂಗಳು ಅಂತ ಆಗುವುದಿಲ್ಲ. ಸಿರಿಯಾದಲ್ಲಿ ಬಂಡುಕೋರರ ದಾಳಿ ಶುರುವಾದದ್ದು 2024ರ ನವೆಂಬರ್ 27ಕ್ಕೆ, ಅಧ್ಯಕ್ಷ ಅಸಾದ್ ದೇಶ ಬಿಟ್ಟು ಓಡಿದ್ದು ಡಿಸೆಂಬರ್ 8ಕ್ಕೆ. ಎರಡು ವಾರವೂ ಇಲ್ಲ.

ಆದರೆ ಗುಂಪಾಗಿ ನೋಡಿದರೆ ಏನಾದರೂ ಹೇಳಬಹುದು. ಜನ ಬೀದಿಗಿಳಿದು ಸರ್ಕಾರ ಉರುಳಿದ್ದು ಶ್ರೀಲಂಕಾದಲ್ಲಿ 2022, ಬಾಂಗ್ಲಾದೇಶದಲ್ಲಿ 2024, ನೇಪಾಳದಲ್ಲಿ 2025. ನಾಲ್ಕು ವರ್ಷದಲ್ಲಿ ಮೂರು. "ಮುಂದಿನ ವರ್ಷ ನಮ್ಮ ನೆರೆಯ ಒಂದು ದೇಶದಲ್ಲಾದರೂ ಹೀಗಾಗುತ್ತದೆ" ಅನ್ನುವ ಪ್ರಶ್ನೆಗೆ ಈಗ ನಂಬರ್ ಹಾಕಬಹುದು. ಶೇಕಡಾ 75 ಹಾಕಬೇಡಿ. ಅದರ ಹಿಂದಿನ ಹತ್ತು ವರ್ಷವನ್ನೂ ಸೇರಿಸಿ ಎಣಿಸಿದರೆ ಸಂಖ್ಯೆ ತುಂಬ ಇಳಿಯುತ್ತದೆ. ನಾನಾದರೆ 20ರಿಂದ 25 ಹಾಕುತ್ತೇನೆ.

ಯುದ್ಧದ ವಿಷಯದಲ್ಲಿ ನಾಯಕರ ಮಾತಿಗಿಂತ ಅವರು ಖರ್ಚು ಮಾಡುವುದನ್ನು ನೋಡಿ. 2022ರ ಆರಂಭದಲ್ಲಿ ಉಕ್ರೇನ್ ಗಡಿಯಲ್ಲಿ ಲಕ್ಷಕ್ಕಿಂತ ಜಾಸ್ತಿ ರಷ್ಯಾ ಸೈನಿಕರಿದ್ದರು, ಅಮೆರಿಕ ಬಹಿರಂಗವಾಗಿ ಎಚ್ಚರಿಸಿತ್ತು. ಆದರೂ ಬೆದರಿಕೆ ಅಷ್ಟೇ ಅಂದವರು ಬಹಳ. ಫೆಬ್ರವರಿ 24ಕ್ಕೆ ದಾಳಿ ಶುರುವಾಯಿತು.

ಅಂಕ ಹೇಗೆ ಕೊಡ್ತೀರಾ?

ಗ್ಲೆನ್ ಬ್ರೈಯರ್ ಅನ್ನುವ ಹವಾಮಾನ ತಜ್ಞರು 1950ರಲ್ಲಿ ಕೊಟ್ಟ ವಿಧಾನ. ಘಟನೆ ನಡೆದರೆ 1, ನಡೆಯದಿದ್ದರೆ 0. ಅದಕ್ಕೂ ನಿಮ್ಮ ನಂಬರಿಗೂ ಇರುವ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ಕಡಿಮೆ ಬಂದಷ್ಟೂ ಒಳ್ಳೆಯದು. ಶೇಕಡಾ 70 ಅಂದಿರಿ, ಆಯಿತು: 0.09. ಆಗಲಿಲ್ಲ: 0.49. ಎಲ್ಲದಕ್ಕೂ 50 ಹಾಕಿ ಕೂತರೆ ಪ್ರತಿ ಸಲ 0.25. ಶೇಕಡಾ 95 ಹಾಕಿ ತಪ್ಪಿದರೆ 0.90. ಖಚಿತ ಅಂತ ಬರೆಯುವ ಮೊದಲು ಕೈ ತಡೆಯುವಂತೆ ಮಾಡುವುದು ಈ ಕೊನೆಯ ಅಂಕಿ.

ವರ್ಷದ ಮಧ್ಯೆ ನಂಬರ್ ಬದಲಿಸಬಹುದಾ? ಅದು ಮೋಸ ಅಲ್ವಾ?

ಬದಲಿಸಲೇಬೇಕು. ಹಳೆಯದನ್ನು ಅಳಿಸಬಾರದು, ಪಕ್ಕದಲ್ಲಿ ದಿನಾಂಕ ಹಾಕಿ ಹೊಸದು ಬರೆಯಬೇಕು. ರಿಸರ್ವ್ ಬ್ಯಾಂಕಿನ ಆರು ಜನರ ಸಮಿತಿ ಎರಡು ತಿಂಗಳಿಗೊಮ್ಮೆ ಸೇರುತ್ತದೆ. 2025ರ ಶುರುವಿನಲ್ಲಿ ರೆಪೊ ದರ 6.5 ಇತ್ತು, ಡಿಸೆಂಬರ್‌ಗೆ 5.25. ಫೆಬ್ರವರಿಯ ಮೊದಲ ಇಳಿಕೆ ನೋಡಿದ ಮೇಲೂ ಹಳೇ ನಂಬರ್ ಹಿಡಿದು ಕೂತರೆ ಅದು ಹಠ.

ನಮ್ಮ ಪಕ್ಷ ಗೆಲ್ಲಲಿ ಅಂತ ಆಸೆ ಇರತ್ತೆ. ಅದನ್ನ ಹೇಗೆ ಬದಿಗಿಡೋದು?

ಆಸೆಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ನಾವು ಎರಡು ಕಾಲಂ ಇಟ್ಟಿದ್ದೇವೆ: ಏನಾಗಲಿ ಅಂತ ಇದೆ, ಏನಾಗಬಹುದು ಅಂತ ಇದೆ. ಎರಡೂ ಪ್ರತಿ ಸಲ ಒಂದೇ ಬರುತ್ತಿದ್ದರೆ ಪಕ್ಕದವರು ತೋರಿಸಿಕೊಡುತ್ತಾರೆ. ಬಳಗದಲ್ಲಿ ಬೇರೆ ಬೇರೆ ಪಕ್ಷದವರು ಇರಲೇಬೇಕು ಅನ್ನುವುದು ಇದಕ್ಕೇ.

ಇದರ ಮೇಲೆ ದುಡ್ಡು ಕಟ್ಟಬಹುದಾ?

ಬೇಡ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ನಮ್ಮಲ್ಲಿ ಇರುವುದು ಅಂಕ ಮಾತ್ರ.

ಮುಂದಿನ ವರ್ಷಕ್ಕೆ ನಿಮ್ಮ ಪಟ್ಟಿಯಲ್ಲಿ ಏನಿದೆ? ನಾವೂ ಸೇರಬಹುದಾ?

ಖಂಡಿತ ಸೇರಿ. ಪ್ರಶ್ನೆಗಳು ಇಂಥವು. ಡಿಸೆಂಬರ್ 31ರಂದು ರೆಪೊ ದರ ಜನವರಿ 1ಕ್ಕಿಂತ ಕಡಿಮೆ ಇರುತ್ತದೆಯೇ? ಡಾಲರ್ ಬೆಲೆ ವರ್ಷದ ಕೊನೆಗೆ ಶುರುವಿಗಿಂತ ಶೇಕಡಾ 3 ಮೇಲಿರುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೇಶದ ಮಳೆ 87 ಸೆಂಟಿಮೀಟರ್‌ನ ವಾಡಿಕೆಯ ಶೇಕಡಾ 96ಕ್ಕಿಂತ ಕೆಳಗೆ ಇಳಿಯುತ್ತದೆಯೇ? ಐಎಂಎಫ್ ಅಕ್ಟೋಬರ್ ವರದಿಯಲ್ಲಿ ಲೋಕದ ಬೆಳವಣಿಗೆ ಏಪ್ರಿಲ್ ವರದಿಗಿಂತ ಕಡಿಮೆ ತೋರಿಸುತ್ತದೆಯೇ? ಲಂಡನ್ ರೋಬಸ್ಟಾ ಜೂನ್ ಕೊನೆಗೆ ಜನವರಿ ಬೆಲೆಗಿಂತ ಶೇಕಡಾ 20 ಕೆಳಗಿರುತ್ತದೆಯೇ?

ಒಂದೊಂದಕ್ಕೂ ನಂಬರ್ ಹಾಕಿ, ಕೆಳಗೆ ಎರಡು ಸಾಲಿನಲ್ಲಿ ಕಾರಣ ಬರೆಯಿರಿ. ಕಾರಣ ಇಲ್ಲದ ನಂಬರ್ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಮುಂದಿನ ಡಿಸೆಂಬರ್‌ನಲ್ಲಿ ನಾವು ಕೂತು ಓದುವುದು ಆ ಎರಡು ಸಾಲನ್ನೇ. ಹೆಸರು, ದಿನಾಂಕ ಹಾಕಿ ಡಿಸೆಂಬರ್ 31ರ ಸಂಜೆಯೊಳಗೆ ಕೊಡಿ.